ನಲವತ್ತೇಳರ ಕೆಳಗೆ

ಮೂರನೆಯ ಸಲವೂ ಅಷ್ಟೇ ಬಂತು. ನಲವತ್ತಾರು ಪಾಯಿಂಟ್ ಒಂಬತ್ತು. ಅವನು ಟೇಪನ್ನು ಎಡಗಾಲಿನ ಮೀನಖಂಡದಿಂದ ಬಿಚ್ಚಲಿಲ್ಲ, ಬೆರಳಲ್ಲಿ ಹಾಗೇ ಹಿಡಿದುಕೊಂಡು ಕೂತ. ಮೂರು ಸಲ ಅಳೆದು ಮೂರು ಸಲವೂ ಒಂದೇ ಬಂದರೆ ಅದನ್ನು ಬರೆದುಕೊಳ್ಳಬಹುದು ಎಂದು ಇಲಾಖೆಯ ಕೈಪಿಡಿಯಲ್ಲೇ ಇದೆ.

ಆಮೇಲೆ ನಗು ಬಂತು. ಬೆಳಿಗ್ಗೆ ಆರೂವರೆಗೆ ಚಡ್ಡಿಯಲ್ಲಿ ಮಂಚದ ಅಂಚಿಗೆ ಕೂತು ಒಬ್ಬನೇ ಕಿಸಕ್ಕನೆ ನಗುವ ಗಂಡಸು, ಅದೂ ಸರ್ಕಾರಿ ನೌಕರ, ಅದೂ ಅಳತೆ-ತೂಕದ ಇಲಾಖೆಯ ಇನ್ಸ್‌ಪೆಕ್ಟರ್. ಆಫೀಸಿನಲ್ಲಿ ಇವನ ಬೆನ್ನ ಹಿಂದೆ ಎಲ್ಲರೂ ಇವನನ್ನು ಮಿಲಿಮೀಟರ್ ಎನ್ನುತ್ತಾರೆ. ಮಿಲಿಮೀಟರ್ ಸಾಹೇಬರು ನಗುವುದನ್ನು ಯಾರಾದರೂ ನೋಡಿದ್ದರೆ ಅರ್ಧ ದಿನ ರಜೆ ಹಾಕಿ ಹೋಗಿ ಊರಿಗೆಲ್ಲಾ ಹೇಳಿ ಬರುತ್ತಿದ್ದರು.

‘ಎಷ್ಟು?’ ಎಂದಳು ಹೆಂಡತಿ, ಬಾಗಿಲಲ್ಲಿ ನಿಂತು. ಕೈಯಲ್ಲಿ ಪಟ್ಟಿಗಳ ಬುಟ್ಟಿ ಇತ್ತು.

‘ನಲವತ್ತೇಳರ ಕೆಳಗೆ.’

ಅವಳು ಬುಟ್ಟಿಯನ್ನು ಒಂದು ಸೊಂಟದಿಂದ ಇನ್ನೊಂದು ಸೊಂಟಕ್ಕೆ ಬದಲಾಯಿಸಿದಳು.

ನಲವತ್ತೇಳು ಅಂದರೆ ಏನೆಂದು ಇಬ್ಬರಿಗೂ ಗೊತ್ತು. ಆರೂವರೆ ವರ್ಷದ ಹಿಂದೆ ಅವನ ಎಡ ತೊಡೆಸಂದಿಯಲ್ಲಿ ಒಂದು ಗಂಟು ಸಿಕ್ಕಿತ್ತು. ಗಂಟು ಒಳ್ಳೆಯದಲ್ಲ ಎಂದರು. ಅದರ ಜೊತೆ ಅಕ್ಕಪಕ್ಕದ ಹದಿಮೂರು ದುಗ್ಧಗ್ರಂಥಿಗಳನ್ನೂ ಕತ್ತರಿಸಿ ತೆಗೆದರು, ಆ ಜಾಗಕ್ಕೆ ಐದು ವಾರ ವಿಕಿರಣ ಕೊಟ್ಟರು, ಕಾಯಿಲೆ ಹೋಯಿತು ಎಂದು ಕೈ ಕುಲುಕಿ ಕಳಿಸಿದರು. ಮೂರು ತಿಂಗಳಾದ ಮೇಲೆ ಒಂದು ಸಂಜೆ ಸಾಕ್ಸ್ ಬಿಚ್ಚಿದಾಗ ಎಡಗಾಲಿನ ಮೇಲೆ ಅದರ ಎಲಾಸ್ಟಿಕ್ಕಿನ ಗುರುತು ಹಾಗೇ ಉಳಿದಿತ್ತು. ಬೆರಳಲ್ಲಿ ಒತ್ತಿದರೆ ಗುಳಿ ಬಿತ್ತು. ಗುಳಿ ತುಂಬುವುದಕ್ಕೆ ಸುಮಾರು ಹೊತ್ತು ಹಿಡಿಯಿತು. ಅವನು ವಾಚು ನೋಡಿಕೊಂಡು ಅದನ್ನೂ ಅಳೆದಿದ್ದ.

ಡಾಕ್ಟರು ರಸ್ತೆ ರಿಪೇರಿ ವಿಷಯ ಹೇಳುವವರ ಹಾಗೆ ಹೇಳಿದರು. ಕಾಲಿಗೆ ರಕ್ತ ಬರುತ್ತೆ, ಹೋಗುತ್ತೆ. ಅದರಿಂದ ಜಿನುಗಿ ಉಳಿದ ನೀರು ಗ್ರಂಥಿಗಳ ದಾರಿ ಹಿಡಿದು ವಾಪಸ್ ಹೋಗಬೇಕು. ಆ ದಾರಿ ನಾವು ತೆಗೆದುಬಿಟ್ಟಿದ್ದೇವೆ. ವಾಸಿಯಾಗೋದಾ ಎಂದು ಇವನು ಕೇಳಿದ. ವಾಸಿ ಆಗೋದಲ್ಲ, ಅಂಕೆಯಲ್ಲಿ ಇಡೋದು ಎಂದರು ಡಾಕ್ಟರು. ನೀವು ಅಳತೆಯವರಲ್ವಾ, ನಿಮಗೆ ಹೇಳಿಕೊಡಬೇಕಾ ಎಂದೂ ಸೇರಿಸಿದರು. ಅವತ್ತು ಆ ಮಾತಿಗೆ ಅವನಿಗೆ ನಗು ಬಂದಿರಲಿಲ್ಲ.

ಅಲ್ಲಿಂದ ಶುರುವಾದದ್ದು ಪಟ್ಟಿ. ಬೆಳಿಗ್ಗೆ ಎದ್ದು ಕಾಲಿಗೆ ಮುಲಾಮು ಸವರಿ, ಒಂದೊಂದು ಬೆರಳಿಗೂ ಬೇರೆ ಬೇರೆ ಸಣ್ಣ ಪಟ್ಟಿ, ಅದರ ಮೇಲೆ ಹತ್ತಿಯ ಪದರ, ಅದರ ಮೇಲೆ ಪಾದದಿಂದ ತೊಡೆಯವರೆಗೆ ಆರು ಉರುಳೆ ಬಿಗಿ ಪಟ್ಟಿ. ನಲವತ್ತು ನಿಮಿಷ. ಅದನ್ನು ಕಲಿತವಳು ಅವನಲ್ಲ, ಹೆಂಡತಿ. ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳಿಗೆ ಬೈಂಡ್ ಹಾಕುವ ಕೆಲಸ ಅವಳದು, ಎಲ್ಲಿ ಎಷ್ಟು ಎಳೆಯಬೇಕು ಎಂದು ಕೈಗೇ ಗೊತ್ತು. ಅವಳು ಸುತ್ತುವಾಗ ಅವನು ಪೇಪರ್ ಓದುತ್ತಾನೆ. ಬಿಗಿ ಆಯ್ತಾ? ಇಲ್ಲ. ಇಲ್ಲಿ? ಸರಿ ಇದೆ. ಆರು ವರ್ಷದಿಂದ ಅವರ ದಾಂಪತ್ಯದ ಮಾತು ಹೆಚ್ಚುಕಮ್ಮಿ ಇಷ್ಟೇ.

ಮೀನಖಂಡ ನಲವತ್ತೇಳು ಸೆಂಟಿಮೀಟರಿನ ಕೆಳಗೆ ಇಳಿದರೆ ಪಟ್ಟಿ ಬಿಡಬಹುದು ಎಂದು ಫಿಸಿಯೋಥೆರಪಿ ಮೇಡಂ ಹೇಳಿದ್ದರು. ಅಳತೆ ಕೊಟ್ಟು ತರಿಸಿದ ಬಿಗಿ ಸ್ಟಾಕಿಂಗ್ ಹಾಕಿಕೊಂಡರೆ ಸಾಕು, ಎರಡು ನಿಮಿಷದ ಕೆಲಸ. ಮೇಲೊಂದು ಪ್ಯಾಂಟು ಏರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಮಾರ್ಕೆಟ್ ತಪಾಸಣೆಯ ಡ್ಯೂಟಿ ವಾಪಸ್ ಕೇಳಬಹುದು. ಆರು ವರ್ಷದಿಂದ ಅವನನ್ನು ಲ್ಯಾಬಿನ ಮೂಲೆಯಲ್ಲಿ ಸ್ಟೂಲಿನ ಮೇಲೆ ಕಾಲು ಇಟ್ಟುಕೊಂಡು ಮುದ್ರೆ ಒತ್ತುವುದಕ್ಕೆ ಕೂರಿಸಿದ್ದಾರೆ. ಅಯ್ಯೋ ಪಾಪ ಎಂದು ಕೂರಿಸಿದ್ದು. ಅವನಿಗೆ ಕಾಲಿಗಿಂತ ಹೆಚ್ಚು ನೋಯುವುದು ಆ ಸ್ಟೂಲು.

ಐದು ವರ್ಷ ಹತ್ತು ತಿಂಗಳು ಮೀನಖಂಡ ನಲವತ್ತೊಂಬತ್ತೂವರೆಗೆ ಅಂಟಿಕೊಂಡಿತ್ತು. ಆಮೇಲೆ, ಆರು ವಾರದ ಹಿಂದೆ, ತಾನಾಗಿ ಇಳಿಯತೊಡಗಿತು. ನಲವತ್ತೊಂಬತ್ತು. ನಲವತ್ತೆಂಟು ಪಾಯಿಂಟ್ ನಾಲ್ಕು. ನಲವತ್ತೇಳು ಪಾಯಿಂಟ್ ಎಂಟು. ಕಳೆದ ಭಾನುವಾರ ನಲವತ್ತೇಳು ಪಾಯಿಂಟ್ ಎರಡು. ಇವತ್ತು, ತಡೆಯಲಾರದೆ, ಭಾನುವಾರಕ್ಕೂ ಕಾಯದೆ ಅಳೆದ. ನಾಳೆ ಹೇಗೂ ಮೇಡಂ ಹತ್ತಿರ ಹೋಗುವ ದಿನ.

‘ಇವತ್ತು ಪಟ್ಟಿ ಬೇಡ,’ ಎಂದ.

‘ಮೇಡಂ ನೋಡ್ಲಿ, ಆಮೇಲೆ.’

‘ಮೇಡಂ ಹೊಸದಾಗಿ ಅಳೆಯೋದೇನಿದೆ? ನನಗಿಂತ ಚೆನ್ನಾಗಿ ಅಳೀತಾರಾ ಅವರು?’

ಅವಳು ಮಂಚದ ಪಕ್ಕ ಎಂದಿನ ಹಾಗೆ ನೆಲದ ಮೇಲೆ ಕೂತಳು, ಬುಟ್ಟಿ ಮಡಿಲಲ್ಲಿ ಇಟ್ಟುಕೊಂಡಳು. ಏನೋ ಹೇಳುವುದಕ್ಕೆ ಬಾಯಿ ತೆರೆದವಳು ಉರುಳೆಯೊಂದನ್ನು ಬಿಚ್ಚಿ ಮತ್ತೆ ಸುತ್ತಿದಳು. ನಲವತ್ತು ನಿಮಿಷ ಕೈಗೆ ಕೆಲಸವಿಲ್ಲದೆ ಅವಳು ಏನು ಮಾಡುತ್ತಾಳೆ ಎಂದು ಅವನಿಗೆ ಒಂದು ಕ್ಷಣ ಅನ್ನಿಸಿತು. ಅನ್ನಿಸಿದ್ದನ್ನು ಅಲ್ಲೇ ಬಿಟ್ಟು ಬಚ್ಚಲಿಗೆ ಹೋದ, ಹಾಡು ಗುನುಗಿಕೊಂಡು.

ಬೂಟಿನದು ಇನ್ನೊಂದು ಕಥೆ. ಬಲಗಾಲಿಗೆ ಏಳನೇ ನಂಬರು, ಎಡಗಾಲಿಗೆ ಹತ್ತು. ಅಂಗಡಿಯವನು ಒಂದೊಂದೇ ಕೊಡುವುದಿಲ್ಲ. ಆದ್ದರಿಂದ ಪ್ರತಿ ಸಲ ಎರಡು ಜೊತೆ ತಂದು, ಒಂದರಿಂದ ಬಲದ್ದು ಒಂದರಿಂದ ಎಡದ್ದು ಹಾಕಿಕೊಂಡು, ಮಿಕ್ಕಿದ್ದನ್ನು ಮಂಚದ ಕೆಳಗೆ ತಳ್ಳುತ್ತಾನೆ. ಆರು ವರ್ಷದಲ್ಲಿ ಮಂಚದ ಕೆಳಗೆ ಅಂಥವು ಐದು ಜೊತೆ ಆಗಿವೆ. ಎಡಗಾಲು ಸಣ್ಣ, ಬಲಗಾಲು ದೊಡ್ಡ ಇರುವ ಯಾರೋ ಒಬ್ಬ ಗಂಡಸು ಈ ಮನೆಯಲ್ಲಿ ಮಲಗಿ ಏಳುತ್ತಿದ್ದಾನೆ ಎಂದುಕೊಳ್ಳಬೇಕು. ಇವತ್ತು ಅವನು ಮಂಡಿಯೂರಿ ಆ ಗಂಡಸಿನಿಂದ ಏಳನೇ ನಂಬರಿನ ಎಡಬೂಟು ಎಳೆದುಕೊಂಡ. ಧೂಳು ಒರೆಸಿ, ಹಿಮ್ಮಡಿಗೆ ಚಮಚದ ಹಿಂಬದಿ ಕೊಟ್ಟು, ಹಲ್ಲು ಕಚ್ಚಿ ಒತ್ತಿದ. ಕಾಲು ಒಳಗೆ ಹೋಯಿತು. ‘ನೋಡು,’ ಎಂದು ಕೂಗಿದ. ಹೆಂಡತಿ ಬಂದು ನೋಡಿದಳು. ಚಮಚ ಯಾವುದು ತಗೊಂಡ್ರಿ ಎಂದು ಮಾತ್ರ ಕೇಳಿದಳು.

ಟೇಪನ್ನು ಉರುಳೆ ಮಾಡಿ ಜೇಬಿಗೆ ಹಾಕಿಕೊಂಡ. ಯಾಕೆಂದು ಅವನಿಗೇ ಗೊತ್ತಿಲ್ಲ. ಯಾರಾದರೂ ನಂಬದಿದ್ದರೆ ಪ್ಯಾಂಟು ಮೇಲೆತ್ತಿ ಅಲ್ಲೇ ತೋರಿಸುವ ಉಮೇದು ಇದ್ದಿರಬೇಕು.

ಬಸ್ಸಿನಲ್ಲಿ ಕೂರುವ ಜಾಗವಿತ್ತು, ಕೂರಲಿಲ್ಲ. ಕಂಡಕ್ಟರು ಎಂದಿನಂತೆ ಅಂಗವಿಕಲರ ಸೀಟಿನಲ್ಲಿದ್ದ ಹುಡುಗಿಯನ್ನು ಎಬ್ಬಿಸಲು ಹೋದಾಗ ಬೇಡ ಬೇಡ ಎಂದು ಕೈಯಾಡಿಸಿದ. ಆಫೀಸಿನ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ. ಹೊಸದಾಗಿ ಬಂದವರೆಲ್ಲ ಅವನ ಕಾಲು ನೋಡಿ ತಗ್ಗಿದ ದನಿಯಲ್ಲಿ, ಆನೆಕಾಲಾ ಸಾರ್, ಸೊಳ್ಳೆಯಿಂದ ಬಂದಿದ್ದಾ ಎಂದು ಕೇಳುವುದುಂಟು. ಅಲ್ಲ, ಸೊಳ್ಳೆಯಿಂದ ಬರೋದು ಬೇರೆ, ಇದು ಆಪರೇಷನ್ನಿಂದ ಬಂದಿದ್ದು, ಕೆಲವರಿಗೆ ಹುಟ್ಟಾ ಬರುತ್ತೆ ಎಂದು ಅವನು ಆರು ವರ್ಷದಿಂದ ಒಂದೇ ಏರಿಳಿತದಲ್ಲಿ ಹೇಳುತ್ತಾ ಬಂದಿದ್ದಾನೆ. ಕೇಳಿದವರು ಓ ಎಂದು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಇವತ್ತು ಯಾರೂ ಕೇಳಲಿಲ್ಲ. ಅವನಿಗೆ ಸ್ವಲ್ಪ ಬೇಜಾರೇ ಆಯಿತು.

ಮಾರ್ಕೆಟ್ ರೌಂಡಿಗೆ ಹೋಗಬೇಕಾದ ಇನ್ಸ್‌ಪೆಕ್ಟರು ರಜೆಯಲ್ಲಿದ್ದರು. ಅವನು ಸೀದಾ ಮೇಲಧಿಕಾರಿಯ ಕೋಣೆಗೆ ಹೋಗಿ, ನಾನು ಹೋಗ್ತೀನಿ ಸಾರ್ ಎಂದ. ಅವರು ಕನ್ನಡಕದ ಮೇಲಿನಿಂದ ಅವನ ಮುಖ ನೋಡಿ, ಆಮೇಲೆ ಕಾಲು ನೋಡಿ, ಏನ್ರೀ, ಆಗುತ್ತೇನ್ರೀ ಎಂದರು. ನಲವತ್ತಾರು ಪಾಯಿಂಟ್ ಒಂಬತ್ತು ಎಂದ ಇವನು. ಅವರಿಗೆ ಏನರ್ಥವಾಯಿತೋ, ಇವತ್ತು ಹೋಗಿ ಬನ್ನಿ, ನಿಮ್ಮ ಮೇಡಂ ಒಂದು ಕಾಗದ ಕೊಟ್ಟರೆ ಖಾಯಂ ಮಾಡೋಣ ಎಂದರು. ಲ್ಯಾಬಿನ ಸ್ಟೂಲನ್ನು ದಾಟಿ ಹೊರಗೆ ಬರುವಾಗ ಅವನು ಅದನ್ನು ಬಲಗಾಲಲ್ಲಿ ಮೆಲ್ಲಗೆ ಒದ್ದ.

ಜೊತೆಗೆ ಬಂದವನು ಅಟೆಂಡರು, ನಿವೃತ್ತಿಗೆ ಎರಡು ವರ್ಷ ಇರುವವನು. ಇಲಾಖೆಯ ತೂಕದ ಬಟ್ಟುಗಳ ಪೆಟ್ಟಿಗೆ ಹೊರುವುದು ಅವನ ಕೆಲಸ. ಹೊರುವಾಗಲೆಲ್ಲಾ ಇದೊಂದು ಟನ್ ಇದೆ ಎಂದು ಗೊಣಗಿ ಗೊಣಗಿ ಟನ್ನಣ್ಣ ಎಂದೇ ಹೆಸರಾಗಿದ್ದಾನೆ. ಪೆಟ್ಟಿಗೆಯಲ್ಲಿ ಮಖಮಲ್ಲಿನ ಗೂಡುಗಳಲ್ಲಿ ಹಿತ್ತಾಳೆಯ ಬಟ್ಟುಗಳು, ಪಕ್ಕದಲ್ಲಿ ಒಂದು ಉಕ್ಕಿನ ಮೀಟರು ಪಟ್ಟಿ. ಬಟ್ಟುಗಳನ್ನು ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ. ಬೆರಳಿನ ಬೆವರಿಗೂ ತೂಕವಿದೆ. ಹತ್ತೊಂಬತ್ತು ವರ್ಷದ ಇನ್ಸ್‌ಪೆಕ್ಟರ್ ಕೆಲಸದಲ್ಲಿ ಇವನು ಒಂದು ದಿನವೂ ಕೈಗವಸಿಲ್ಲದೆ ಅವನ್ನು ಮುಟ್ಟಿದವನಲ್ಲ.

ಮಾರ್ಕೆಟ್ಟಿನಲ್ಲಿ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತರಕಾರಿಯವಳ ತಕ್ಕಡಿ ನಾಲ್ಕು ಗ್ರಾಂ ಕಮ್ಮಿ ತೋರಿಸಿತು. ತಟ್ಟೆಯ ಕೆಳಗೆ ಮಣ್ಣು ಮೆತ್ತಿಕೊಂಡಿದೆ ನೋಡಮ್ಮ ಎಂದು ತಾನೇ ಒರೆಸಿ ಕೊಟ್ಟ. ಮೀನಿನವನ ಬಟ್ಟು ಸವೆದಿತ್ತು. ಎಚ್ಚರಿಕೆ ಕೊಟ್ಟು ಬಿಟ್ಟ. ಧಾನ್ಯದ ಅಂಗಡಿಯವನು ಇವನ ಹೆಸರು ಕೇಳಿ ತಿಳಿದವನು, ಮಿಲಿಮೀಟರ್ ಬಂದರು ಎಂದು ಬೆವರುತ್ತಾ ಎದ್ದು ನಿಂತರೆ, ಇವನು ಅವನ ಹೆಗಲು ತಟ್ಟಿ, ಮೊಮ್ಮಕ್ಕಳು ಎಷ್ಟು ಎಂದು ವಿಚಾರಿಸಿದ. ಟನ್ನಣ್ಣ ಪೆಟ್ಟಿಗೆ ಕೆಳಗಿಟ್ಟು ಒಂದು ಸಲ ಇವನ ಹಣೆ ಮುಟ್ಟಿ ನೋಡಲೋ ಎನ್ನುವ ಹಾಗೆ ನಿಂತ.

‘ಸಾರ್, ಹುಷಾರಾಗಿದೀರಾ?’

‘ಇಷ್ಟು ಹುಷಾರು ಯಾವತ್ತೂ ಇರ್ಲಿಲ್ಲ ಟನ್ನಣ್ಣ.’

ಹೇಳುವಾಗ ಎಡಬೂಟು ಸ್ವಲ್ಪ ಬಿಗಿಯಾದಂತಿತ್ತು. ಹೊಸ ಬೂಟು ಬಿಗಿಯೇ ಇರುತ್ತದೆ ಎಂದುಕೊಂಡ. ಆರು ವರ್ಷ ಹಳೆಯ ಹೊಸ ಬೂಟು. ಅದಕ್ಕೂ ನಗು ಬಂತು.

ಕೊನೆಯದು ದರ್ಜಿಯ ಅಂಗಡಿ. ಉದ್ದ ಮೇಜು, ಗೋಡೆಗೆ ನೇತುಹಾಕಿದ ಕೋಟುಗಳು, ಮೂಲೆಯಲ್ಲಿ ಪರದೆ ಎಳೆದ ಟ್ರಯಲ್ ರೂಮು. ದರ್ಜಿ ಕುಳ್ಳ, ಮಾತುಗಾರ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವವನು. ಅವನ ಕೊರಳಿನ ಟೇಪನ್ನು ತೆಗೆದು ಟನ್ನಣ್ಣ ಉಕ್ಕಿನ ಪಟ್ಟಿಯ ಪಕ್ಕ ಹಾಸಿದ. ಉಕ್ಕಿನ ನೂರಕ್ಕೆ ಟೇಪಿನಲ್ಲಿ ತೊಂಬತ್ತೈದೂ ಆಗಿರಲಿಲ್ಲ.

‘ಎಳ್ಕೊಂಡಿದೆ,’ ಎಂದ ಟನ್ನಣ್ಣ.

ಇವನಿಗೆ ಇನ್ನಿಲ್ಲದ ಮೋಜು. ದರ್ಜಿ ಬೆಪ್ಪಾಗಿ ನೋಡಿದ. ಓಹೋ ಇದಾ ವಿಷಯ ಎಂದು ಗುಂಡುಸೂಜಿ ಉಗಿದು ತನ್ನ ಗೋಳು ಬಿಚ್ಚಿಕೊಂಡ. ಮೂರು ತಿಂಗಳಿಂದ ಹೊಲಿದಿದ್ದೆಲ್ಲಾ ಗಿರಾಕಿಗಳಿಗೆ ಬಿಗಿಯಾಗುತ್ತಿದೆಯಂತೆ. ಮೈಯನ್ನು ಈ ಟೇಪಿನಲ್ಲಿ ಅಳೆಯುತ್ತಾನೆ, ಬಟ್ಟೆಯನ್ನು ಮೇಜಿನ ಮರದ ಸ್ಕೇಲಿನಲ್ಲಿ ಕತ್ತರಿಸುತ್ತಾನೆ. ಅಳತೆ ಕೊಡುವುದಕ್ಕೂ ಬಟ್ಟೆ ಒಯ್ಯುವುದಕ್ಕೂ ನಡುವೆ ಜನ ದಪ್ಪಗಾಗಿಬಿಡುತ್ತಾರೆ ಅಂತಲೇ ಅವನು ತಿಳಿದಿದ್ದ.

‘ಅಳೆಯೋವಾಗ ಏನ್ ಖುಷಿ ಸಾರ್ ಅವರಿಗೆ,’ ಎಂದ ದರ್ಜಿ. ‘ಸೊಂಟ ಎರಡು ಸೆಂಟಿಮೀಟರ್ ಕಮ್ಮಿ ಅಂತ ಓದಿದ್ರೆ ಮುಖ ಇಷ್ಟಗಲ ಆಗುತ್ತೆ. ಹಾಕ್ಕೊಂಡಾಗ ನನ್ನೇ ಬೈತಾರೆ.’

ಇವನು ನಕ್ಕು ನಕ್ಕು ಮೇಜು ಹಿಡಿದುಕೊಂಡ. ಬಟ್ಟೆ ಟೇಪನ್ನು ನಂಬಬಾರದು ಮಾರಾಯ, ವರ್ಷಕ್ಕೊಂದು ಸಲ ತಂದು ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಬೇಕು, ಇದೆಲ್ಲಾ ನಿಮಗೆ ಯಾಕೆ ತಲೆಗೆ ಹೋಗೋದಿಲ್ಲ ಎಂದು ತನ್ನ ಹಳೆಯ ಭಾಷಣ ಶುರುಮಾಡಿದ. ಇಷ್ಟು ಎಳೆದುಕೊಳ್ಳೋ ಹಾಗೆ ಅದಕ್ಕೆ ಏನು ಮಾಡಿದೆ ಎಂದ.

‘ಏನಿಲ್ಲ ಸಾರ್. ಬೆವರು, ಜಿಡ್ಡು. ವಾರಕ್ಕೊಂದ್ಸಲ ಸೋಪಿನ ನೀರಲ್ಲಿ ಒಗೀತೀನಿ. ಸುರುಟಿಕೊಳ್ಳಬಾರದು ಅಂತ ತುದಿಗೆ ಕತ್ತರಿ ಕಟ್ಟಿ ನೇತುಹಾಕ್ತೀನಿ.’

ಭಾಷಣ ನಿಂತಿತು.

ತನ್ನ ಮನೆಯ ಬಾಲ್ಕನಿ ಇವನ ಕಣ್ಣಿಗೆ ಕಟ್ಟಿತು. ತಂತಿಯ ಮೇಲೆ ಸಾಲಾಗಿ ಒಗೆದ ಪಟ್ಟಿಗಳು, ಕೊನೆಯಲ್ಲಿ ಹಳದಿಯ ಟೇಪು, ಅದರ ತುದಿಗೆ ಕಬ್ಬಿಣದ ದೊಡ್ಡ ಕ್ಲಿಪ್ಪು. ಆರು ವಾರದ ಹಿಂದೆ ಟೇಪಿಗೆ ಮುಲಾಮು ಮೆತ್ತಿಕೊಂಡು ಅಂಟಂಟಾಗಿತ್ತು. ಆವತ್ತಿನಿಂದ ಹೆಂಡತಿ ಅದನ್ನೂ ಪಟ್ಟಿಗಳ ಜೊತೆ ಒಗೆಯುತ್ತಿದ್ದಳು. ಅವನೇ ಹೇಳಿದ್ದ, ಸುರುಟಿಕೊಳ್ಳದ ಹಾಗೆ ನೋಡ್ಕೋ ಎಂದು.

ಉಕ್ಕಿನ ಟೇಪು ಬೇಡ ಎಂದದ್ದು ಮೇಡಂ. ಅಂಚು ತಗುಲಿ ಸಣ್ಣ ಗೀರಾದರೂ ಆ ಕಾಲಿಗೆ ನಂಜಾಗುತ್ತೆ, ಜ್ವರ ಬರುತ್ತೆ, ಊತ ಇನ್ನೂ ಜಾಸ್ತಿಯಾಗುತ್ತೆ ಎಂದಿದ್ದರು. ಅದಕ್ಕೇ ಬಟ್ಟೆಯದು ತಂದಿದ್ದ. ತಂದ ದಿನ ಲ್ಯಾಬಿನಲ್ಲಿ ಪರೀಕ್ಷೆ ಮಾಡಿ, ಮೂಲೆಯಲ್ಲಿ ಪುಟ್ಟ ಮುದ್ರೆ ಒತ್ತಿ, ತಾರೀಖು ಬರೆದಿದ್ದ. ಆ ತಾರೀಖಿಗೆ ಆರು ವರ್ಷ. ಇನ್ನೊಬ್ಬರ ಟೇಪಾಗಿದ್ದರೆ ಆರು ಸಲ ಜಪ್ತಿ ಮಾಡುತ್ತಿದ್ದ.

ಟೇಪು ಜೇಬಿನಲ್ಲಿತ್ತು. ಉಕ್ಕಿನ ಪಟ್ಟಿ ಮೇಜಿನ ಮೇಲೆ ಕಣ್ಣೆದುರೇ ಇತ್ತು. ಒಂದರ ಪಕ್ಕ ಒಂದು ಇಟ್ಟರೆ ಅರ್ಧ ನಿಮಿಷದ ಕೆಲಸ. ಅವನು ಇಡಲಿಲ್ಲ.

‘ಟ್ರಯಲ್ ರೂಮಿಗೆ ಹೋಗಿ ಬರ್ತೀನಿ,’ ಎಂದ.

ದರ್ಜಿ ಟನ್ನಣ್ಣನ ಮುಖ ನೋಡಿದ. ಟನ್ನಣ್ಣ ಮೇಲೆ ಫ್ಯಾನು ನೋಡಿದ.

ಪರದೆ ಎಳೆದುಕೊಂಡರೆ ಮೂರೂ ಕಡೆ ಕನ್ನಡಿ. ಅವನು ಸ್ಟೂಲಿನ ಮೇಲೆ ಕೂತು ಎಡಗಾಲಿನ ಪ್ಯಾಂಟು ಎತ್ತಲು ಹೋದ. ಪ್ಯಾಂಟು ಮೀನಖಂಡದ ಮೇಲೆ ಏರಲಿಲ್ಲ. ಬೆಳಿಗ್ಗೆ ಏರುತ್ತಿತ್ತು. ಸರಿ ಬಿಡು ಎಂದು ಬಲಗಾಲಿನದು ಎತ್ತಿದ. ಒಳ್ಳೆಯ ಕಾಲು. ಮೊದಮೊದಲು ಮೇಡಂ ಎರಡೂ ಕಾಲು ಅಳೆದು ಬರೆಯಲು ಹೇಳಿದ್ದರು. ಎರಡು ತಿಂಗಳು ಬರೆದು, ನೆಟ್ಟಗಿರೋದನ್ನ ದಿನಾ ಏನು ಅಳೆಯೋದು ಎಂದು ಬಿಟ್ಟಿದ್ದ. ಅದರ ಅಳತೆ ಅವನಿಗೆ ತನ್ನ ಹುಟ್ಟಿದ ತಾರೀಖಿನಷ್ಟೇ ಚೆನ್ನಾಗಿ ಗೊತ್ತು. ಮೂವತ್ತಾರು.

ಸುತ್ತಿದ. ಮೂವತ್ತನಾಲ್ಕು ಪಾಯಿಂಟ್ ಒಂದು.

ಮೂರು ಸಲ ಅಳೆದ. ಮೂರು ಸಲವೂ ಅಷ್ಟೇ.

ಯಾವ ರೋಗವೂ ಇಲ್ಲದ, ಯಾವ ಪಟ್ಟಿಯೂ ಸುತ್ತದ ಒಳ್ಳೆಯ ಕಾಲು ಕೂಡ ತೆಳ್ಳಗಾಗಿಬಿಟ್ಟಿತ್ತು. ಬಲಗಾಲಿಗೂ ಗುಣವಾಗುತ್ತಿದೆ ಎಂದು ಅವನಿಗೆ ಅನ್ನಿಸಿತು, ಅನ್ನಿಸಿದ ಕೂಡಲೇ ಹೊಟ್ಟೆಯೊಳಗಿಂದ ನಗು ಕಿತ್ತುಕೊಂಡು ಬಂತು. ಬಾಯಿಗೆ ಕೈ ಅಡ್ಡ ಹಿಡಿದ, ನಿಲ್ಲಲಿಲ್ಲ. ಮೂರೂ ಕನ್ನಡಿಯಲ್ಲಿ ಒಂದೊಂದು ಕಾಲು ಬೋಳು ಮಾಡಿಕೊಂಡ ಗಂಡಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಒಬ್ಬನ ಮುಖವೂ ಅವನಿಗೆ ಪರಿಚಯದ್ದಾಗಿ ಕಾಣಲಿಲ್ಲ. ಪರದೆಯಾಚೆ ಟನ್ನಣ್ಣ ಕೆಮ್ಮಿದ.

ಹೊರಗೆ ಬಂದು ದರ್ಜಿಯ ಟೇಪನ್ನು ಮಡಚಿ ಅವನ ಕೊರಳಿಗೇ ಹಾಕಿದ. ಹೊಸದು ತಗೋ ಎಂದ. ಇದನ್ನು ಬಿಸಾಡಬೇಕಾ ಸಾರ್ ಎಂದು ಅವನು ಕೇಳಿದ್ದಕ್ಕೆ, ಹೆಂಗಸರು ಬಂದಾಗ ಸೊಂಟ ಓದೋಕೆ ಇಟ್ಕೋ ಎಂದುಬಿಟ್ಟ. ಟನ್ನಣ್ಣ ಆ ಕ್ಷಣವೇ ತನ್ನ ಸಾಹೇಬರಿಗೆ ಏನೋ ಆಗಿದೆ ಎಂದು ಖಚಿತ ಮಾಡಿಕೊಂಡ. ಪೆಟ್ಟಿಗೆ ನಾನೇ ಆಫೀಸಿಗೆ ಒಪ್ಪಿಸ್ತೀನಿ, ನೀನು ಮನೆಗೆ ಹೋಗು ಎಂದು ಇವನು ಹೇಳಿದಾಗ ಎದುರು ಮಾತಾಡದೆ ಹೋದ.

ಪೆಟ್ಟಿಗೆ ಆಫೀಸಿಗೆ ಹೋಗಲಿಲ್ಲ. ಸಂಜೆಯೊಳಗೆ ಅದು ಬೀರುವಿನಲ್ಲಿರಬೇಕು, ತಪ್ಪಿದರೆ ವಿವರಣೆ ಕೊಡಬೇಕು. ನಿಯಮದ ನಂಬರು ಕೂಡ ಅವನಿಗೆ ನಾಲಿಗೆಯ ತುದಿಯಲ್ಲಿದೆ. ಅವನು ಬಸ್ಸು ಹಿಡಿದು ಮನೆಗೆ ಬಂದ. ಪೆಟ್ಟಿಗೆ ನಿಜವಾಗಿಯೂ ಒಂದು ಟನ್ ಇತ್ತು. ಈ ಸಲ ಸೀಟು ಹುಡುಕಿ ಕೂತ. ಕಾಲೊಳಗೆ ಯಾರೋ ನಲ್ಲಿ ತೆರೆದು ಮರೆತ ಹಾಗಿತ್ತು. ಕೂತ ಮೇಲೂ ಭಾರ ಇಳಿಯಲಿಲ್ಲ, ಏರುತ್ತಲೇ ಇತ್ತು. ಬೆಳಿಗ್ಗೆ ಎಷ್ಟಿತ್ತೋ ಅದು ಸುಳ್ಳು, ಈಗ ಎಷ್ಟಿದೆಯೋ ಅದನ್ನು ಅಳೆಯುವುದಕ್ಕೆ ಅವನ ಹತ್ತಿರ ಏನೂ ಇಲ್ಲ. ಹತ್ತೊಂಬತ್ತು ವರ್ಷ ಊರೆಲ್ಲಾ ಅಳೆದವನಿಗೆ ತನ್ನ ಕಾಲು ಎಷ್ಟು ಎಂದು ಗೊತ್ತಿಲ್ಲ. ಅವನಿಗೆ ಹೆದರಿಕೆಯಾಯಿತು. ಹೆದರಿಕೆಯ ಅಡಿಯಲ್ಲಿ ಆ ನಗು ಇನ್ನೂ ಕುಲುಕುತ್ತಲೇ ಇತ್ತು.

ಹೆಂಡತಿ ಬಾಲ್ಕನಿಯಲ್ಲಿ ಒಣಗಿದ ಪಟ್ಟಿಗಳನ್ನು ಉರುಳೆ ಮಾಡುತ್ತಿದ್ದಳು. ಇವನು ಬಾಗಿಲು ದಾಟುವ ಮೊದಲೇ ಹೆಜ್ಜೆಯ ಸದ್ದಿನಲ್ಲೇ ಅವಳಿಗೆ ಅರ್ಥವಾಗಿರಬೇಕು, ಎದ್ದು ಕುರ್ಚಿ ಎಳೆದಳು, ಎದುರಿಗೆ ಸ್ಟೂಲು ಇಟ್ಟಳು, ಅದರ ಮೇಲೆ ದಿಂಬು ಇಟ್ಟಳು. ಬೂಟು ಬರಲಿಲ್ಲ. ಲೇಸು ಪೂರಾ ಕಿತ್ತು ತೆಗೆದಳು, ಆಗಲೂ ಬರಲಿಲ್ಲ. ಕಡೆಗೆ ಬೈಂಡಿನ ಕತ್ತರಿ ತಂದು, ಚರ್ಮಕ್ಕೆ ತಗುಲದ ಹಾಗೆ ತನ್ನ ಎರಡು ಬೆರಳನ್ನು ಒಳಗೆ ತೂರಿಸಿಕೊಂಡು, ಬೂಟಿನ ಮೇಲ್ಭಾಗವನ್ನು ನಿಧಾನಕ್ಕೆ ಸೀಳಿದಳು. ಹೊಸ ಬೂಟು. ಪ್ಯಾಂಟನ್ನೂ ಮಂಡಿಯವರೆಗೆ ಸೀಳಿದಳು. ಕಾಲು ಹೊರಗೆ ಬಂತು, ಕೆಂಪಗೆ, ಹೊಳೆಯುತ್ತಾ.

ಇಬ್ಬರೂ ಸ್ವಲ್ಪ ಹೊತ್ತು ಅದನ್ನು ನೋಡಿದರು, ಮನೆಗೆ ಬಂದ ನೆಂಟನನ್ನು ನೋಡುವ ಹಾಗೆ.

‘ಟೇಪು ಎಳ್ಕೊಂಡಿದೆ,’ ಎಂದ ಅವನು.

‘ಗೊತ್ತು.’

‘ಗೊತ್ತು ಅಂದ್ರೆ?’

‘ಟೇಪಿನದು ಗೊತ್ತಿರ್ಲಿಲ್ಲ. ಕಾಲಿನದು ಗೊತ್ತಿತ್ತು.’ ಅವಳು ಒಂದು ಉರುಳೆಯನ್ನು ಅಂಗೈಯಲ್ಲಿ ತಿರುಗಿಸಿದಳು. ‘ಆರನೇ ಪಟ್ಟಿ ಯಾವಾಗ್ಲೂ ತೊಡೆ ಮೇಲಿನ ಆ ಮಚ್ಚೆ ಹತ್ರಾನೇ ಮುಗಿಯುತ್ತೆ. ಕಾಲು ಸಣ್ಣ ಆಗಿದ್ರೆ ಮಚ್ಚೆ ದಾಟಿ ಮಿಗಬೇಕಿತ್ತು. ನಿನ್ನೇನೂ ಅಲ್ಲೇ ಮುಗೀತು.’

ಆರು ವಾರ. ಅವನು ಭಾನುವಾರ ಭಾನುವಾರ ಅಂಕಿ ಓದಿ ಕುಣಿಯುತ್ತಿದ್ದಾಗ ಇವಳು ಕೈಯಲ್ಲಿ ಸರಿಯಾದ ಅಳತೆ ಹಿಡಿದುಕೊಂಡು ಸುಮ್ಮನೆ ಕೂತಿದ್ದಳು. ಅವನಿಗೆ ಸಿಟ್ಟು ಬರಬೇಕಾಗಿತ್ತು. ಬಂತು ಕೂಡ.

‘ಹೇಳ್ಬಾರ್ದಿತ್ತಾ?’

‘ಬೆಳಿಗ್ಗೆ ಹೇಳೋಣ ಅಂತಲೇ ಬಂದೆ.’

‘ಮತ್ತೆ?’

ಅವಳು ತಲೆ ಎತ್ತಲಿಲ್ಲ. ‘ನೀವು ಬಚ್ಚಲಲ್ಲಿ ಹಾಡ್ತಿದ್ರಿ. ಕಳೆದ ಭಾನುವಾರ ಅಳತೆ ನೋಡಿ ಆದ್ಮೇಲೆ ನನ್ನ ಕೈ ಹಿಡ್ಕೊಂಡ್ರಿ. ಸುಮಾರು ಹೊತ್ತು. ಪಟ್ಟಿ ಸುತ್ತೋವಾಗ ನಾನು ನಿಮ್ಮ ಕಾಲು ಹಿಡಿದಿರ್ತೀನಿ, ನೀವು ಪೇಪರ್ ಹಿಡಿದಿರ್ತೀರಿ. ಆರು ವರ್ಷದಲ್ಲಿ ಅದೊಂದೇ ಸಲ.’

ಕೈ ಹಿಡಿದದ್ದು ಅವನಿಗೆ ನೆನಪಿರಲಿಲ್ಲ. ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ನಲವತ್ತೇಳು ಪಾಯಿಂಟ್ ಎರಡು ನೆನಪಿತ್ತು. ಸಿಟ್ಟು ಇಳಿದು ಎಲ್ಲಿ ಹೋಯಿತೋ, ಅದರ ಜಾಗದಲ್ಲಿ ಇಷ್ಟು ವರ್ಷದ ನಾಚಿಕೆ ತುಂಬಿಕೊಂಡಿತು. ಅದಕ್ಕೂ ಹೊರಗೆ ಹೋಗುವ ದಾರಿ ಸಿಗಲಿಲ್ಲ.

ಅವನು ಜೇಬಿನಿಂದ ಟೇಪು ತೆಗೆದ. ನಿಯಮದ ಪ್ರಕಾರ ಅದನ್ನು ಎರಡು ತುಂಡು ಮಾಡಬೇಕು. ಕತ್ತರಿ ಪಕ್ಕದಲ್ಲೇ ಇತ್ತು. ಅವಳು ಕತ್ತರಿ ನೋಡಿದಳು, ಆಮೇಲೆ ಅವನನ್ನು.

‘ಇದರ ಮೇಲೆ ಬೆವರಾಗಿದೆ,’ ಎಂದ. ‘ಒಗೆದು ಕೊಡು.’

ಅವಳಿಗೆ ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮುಖ ಆಚೆ ತಿರುಗಿಸಿದಳು. ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡ, ಅಲ್ಲ, ನಗುತ್ತಿದ್ದಳು, ಅಥವಾ ಎರಡೂ ಇದ್ದಿರಬಹುದು. ಅವನಿಗೂ ಹತ್ತಿಕೊಂಡಿತು. ಇಬ್ಬರೂ ಬಾಲ್ಕನಿಯ ಒಗೆಯುವ ಬಕೆಟ್ಟಿನ ಪಕ್ಕ ಕಣ್ಣು ಒರೆಸಿಕೊಳ್ಳುತ್ತಾ ನಕ್ಕರು. ಪಕ್ಕದ ಮನೆಯವರು ಕಿಟಕಿ ತೆರೆದು ಮುಚ್ಚಿದರು. ಅವಳು ಟೇಪನ್ನು ಸೋಪಿನ ನೀರಲ್ಲಿ ಅದ್ದಿ, ಜಾಲಿಸಿ, ಅವನ ಕುರ್ಚಿಯ ಎದುರಿನ ತಂತಿಗೆ ನೇತುಹಾಕಿದಳು. ತುದಿಗೆ ಕಬ್ಬಿಣದ ಕ್ಲಿಪ್ಪು ಸಿಕ್ಕಿಸಿದಳು.

‘ಅದು ಸಾಲದು,’ ಎಂದ ಅವನು.

ಪೆಟ್ಟಿಗೆ ತೆರೆದು ಮಖಮಲ್ಲಿನ ಗೂಡಿನಿಂದ ಒಂದು ಕಿಲೋದ ಬಟ್ಟನ್ನು ಬರಿಗೈಯಲ್ಲಿ ಎತ್ತಿದ. ಹಿತ್ತಾಳೆ ತಣ್ಣಗಿತ್ತು. ಅವನ ಐದೂ ಬೆರಳಿನ ಗುರುತು ಅದರ ಮೇಲೆ ಮೂಡಿತು. ಬಟ್ಟಿನ ಹಿಡಿಗೆ ಬೂಟಿನ ಲೇಸು ಕಟ್ಟಿ ಅವಳ ಕೈಗೆ ಕೊಟ್ಟ. ಅವಳು ಲೇಸನ್ನು ಟೇಪಿನ ತುದಿಗೆ ಬಿಗಿದಳು, ಬೈಂಡಿನವರ ಗಂಟು, ಎಂದೂ ಬಿಚ್ಚಿಕೊಳ್ಳದ್ದು. ಬಟ್ಟು ಸ್ಟೂಲಿನ ಮೇಲಿದ್ದ ಅವನ ಕಾಲಿಗೆ ನೇರವಾಗಿ ನೇತಾಡಿತು.

‘ನಾಳೆ ಮೇಡಂ ಅವರ ಟೇಪಲ್ಲಿ ಅಳೀತಾರಲ್ಲ,’ ಎಂದಳು.

‘ನಮ್ದೇ ತಗೊಂಡು ಹೋಗೋಣ.’

ಅವಳು ನೆಲದ ಮೇಲೆ ಕೂತು, ಬುಟ್ಟಿ ಮಡಿಲಿಗೆ ಎಳೆದುಕೊಂಡು, ಮುಲಾಮಿನ ಮುಚ್ಚಳ ತೆರೆದಳು. ಅವನು ಪೇಪರ್ ಹುಡುಕಲಿಲ್ಲ. ಕೈ ಚಾಚಿದ. ಅವಳ ಎರಡೂ ಕೈ ಅವನ ಕಾಲಿನ ಮೇಲೆ ಕೆಲಸದಲ್ಲಿದ್ದವು, ಹಿಡಿಯುವುದಕ್ಕೆ ಒಂದೂ ಬಿಡುವಿರಲಿಲ್ಲ. ಚಾಚಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಅವನು ಹಾಗೇ ಇಟ್ಟುಕೊಂಡು ಮೇಲೆ ನೋಡಿದ.

ಸಂಜೆಯ ಬೆಳಕಿನಲ್ಲಿ ಹಿತ್ತಾಳೆಯ ಬಟ್ಟು ನಿಧಾನಕ್ಕೆ ಒಂದು ಸುತ್ತು ತಿರುಗಿ, ನಿಂತು, ಹಿಂದಕ್ಕೆ ತಿರುಗತೊಡಗಿತು. ಒದ್ದೆ ಟೇಪು ಕಣ್ಣಿಗೆ ಕಾಣದ ಹಾಗೆ ಎಳೆದುಕೊಳ್ಳುತ್ತಿತ್ತು, ನಲವತ್ತೇಳರ ಗೆರೆ ಕೆಳಗಿಳಿಯುತ್ತಿತ್ತು. ಬಟ್ಟಿಗೂ ಕಾಲಿಗೂ ನಡುವೆ ಇನ್ನೂ ಎರಡು ಬೆರಳಷ್ಟು ಜಾಗವಿತ್ತು.